ಶ್ಲಾಬಾಕ್ ಮನೆಯ ಕಿವಿ

ಹೋಮ್ಸ್ ಕೌಂಟಿ, ಓಹಾಯೊ
12 ಅಕ್ಟೋಬರ್ 1996

ಆಟ್ಲೀ,

ಇಲ್ಲಿ ಈ ವಾರ ಎರಡು ಸಲ ಇಬ್ಬನಿ ಹೆಪ್ಪುಗಟ್ಟಿತು. ಮೆಕ್ಕೆಜೋಳ ಅರ್ಧ ಒಳಗೆ ಬಂದಿದೆ. ನಿನ್ನ ಅಮ್ಮ ಆರೋಗ್ಯವಾಗಿದ್ದಾಳೆ. ನಿನ್ನ ತಂಗಿ ಎಡ್ನಾಗೆ ಮತ್ತೊಂದು ಮಗುವಾಯಿತು, ಗಂಡು.

ಇದು ಯೋಗಕ್ಷೇಮಕ್ಕೆಂದು ಬರೆದ ಕಾಗದವಲ್ಲ. ಒಂದು ಅಗತ್ಯಕ್ಕಾಗಿ ಬರೆಯುತ್ತಿದ್ದೇನೆ. ನನ್ನ ಎಡಗಿವಿ ಹೋಗಿದೆ.

ಕಿವಿಯ ಮೇಲಂಚಿನಲ್ಲಿ ಒಂದು ಹುಣ್ಣಾಗಿತ್ತು. ಬಿಸಿಲಿಗೆ ಬಿರಿದದ್ದು ಅಂದುಕೊಂಡೆ. ನಾಟಿ ಮದ್ದು ಕೊಡುವ ಫ್ಯಾನಿಯ ಕಪ್ಪು ಮುಲಾಮು ಹಚ್ಚಿದೆ. ಅದು ಗಂಟನ್ನು ಬೇರುಸಮೇತ ಎಳೆದು ತೆಗೆಯುತ್ತದೆ ಎಂದು ನಮ್ಮಲ್ಲಿ ನಂಬುವುದು ನಿನಗೆ ಗೊತ್ತಿದೆ. ಕೆಲವು ವಾರ ಉರಿದು, ಕರಕಲು ತುಂಡೊಂದು ಕಳಚಿ ಬಿತ್ತು. ಬೇರು ಬಂತು ಎಂದು ಅದನ್ನು ಸೀಸೆಗೆ ಹಾಕಿ ಕಿಟಕಿಯಲ್ಲಿಟ್ಟೆವು. ನೋಡಲು ಜನವೂ ಬಂದರು. ಬಂದದ್ದು ಕಿವಿ, ಬೇರು ಒಳಗೇ ಇತ್ತು. ಚರ್ಮದ ಕ್ಯಾನ್ಸರ್ ಎಂದರು ಡಾಕ್ಟರು. ಆಗಸ್ಟಿನಲ್ಲಿ ಉಳಿದದ್ದನ್ನೂ ಕೊಯ್ದು ತೆಗೆದರು.

ಡಾಕ್ಟರ್ ಕೆಸ್ಲರ್ ಎಂಬವರು ಪಕ್ಕೆಲುಬಿನ ಮೆದುಮೂಳೆ ತೆಗೆದು, ಕೆತ್ತಿ, ಹೊಸ ಕಿವಿ ಕಟ್ಟುತ್ತಾರಂತೆ. ಅದಕ್ಕೆ ಮಾದರಿ ಬೇಕು. ಸಾಮಾನ್ಯವಾಗಿ ಇನ್ನೊಂದು ಕಿವಿಯನ್ನೇ ನೋಡಿ ಮಾಡುತ್ತಾರೆ. ನನ್ನ ಬಲಗಿವಿಯ ಮೇಲ್ಭಾಗವನ್ನು ಚಿಕ್ಕಂದಿನಲ್ಲೇ ಕುದುರೆ ಕಚ್ಚಿ ತೆಗೆದದ್ದು ನಿನಗೆ ಗೊತ್ತೇ ಇದೆ. ಸಭೆಯ ನಿಯಮದಂತೆ ನಾವು ಫೋಟೊ ತೆಗೆಸಿಕೊಳ್ಳುವವರಲ್ಲ. ನಿನ್ನ ಅಣ್ಣನಿಗೂ ಎಡ್ನಾಗೂ ಅಮ್ಮನ ಕಡೆಯ ಸಣ್ಣ ಕಿವಿ. ನಿನಗೊಬ್ಬನಿಗೆ ನಮ್ಮ ಮನೆಯ ಕಿವಿ ಬಂದಿದೆ.

ಯಾವುದಾದರೂ ಆಸ್ಪತ್ರೆಯಲ್ಲಿ ಪಾರದರ್ಶಕ ಹಾಳೆಯನ್ನು ಕಿವಿಗೆ ಒತ್ತಿ ನಕಲು ತೆಗೆದುಕೊಡುತ್ತಾರೆ. ಅದನ್ನು ನೇರವಾಗಿ ಡಾಕ್ಟರಿಗೆ ಕಳಿಸು. ವಿಳಾಸ ಜೊತೆಯ ಚೀಟಿಯಲ್ಲಿದೆ. ಮನೆಗೆ ಕಳಿಸಬೇಡ. ಯಾಕೆಂದು ನಿನಗೆ ಗೊತ್ತು.

ರೋಮನ್ ಶ್ಲಾಬಾಕ್

*

ಟೊಲೀಡೊ
21 ಅಕ್ಟೋಬರ್ 1996

ಅಪ್ಪ,

ಹನ್ನೊಂದು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ಲಕೋಟೆಯನ್ನು ತಕ್ಷಣ ಒಡೆಯಲಿಲ್ಲ, ಸುಳ್ಳು ಹೇಳುವುದಿಲ್ಲ. ಅಮ್ಮ ಹೋದಳೇನೋ ಎಂದು ಹೆದರಿದೆ. ಅದಲ್ಲದಿದ್ದರೆ 'ಬಾ' ಎಂದು ಬರೆದಿದ್ದೀರೇನೋ ಎಂದು ಆಸೆಪಟ್ಟೆ. ನೋಡಿದರೆ ಕಿವಿ!

ನಾನು ಮಾಡಿದ ಪಾಪವೇನು? ದೀಕ್ಷಾಸ್ನಾನ ಆದ ಮೇಲೆ ಒಂದು ಮೋಟಾರು ಲಾರಿ ಕೊಂಡೆ. ಮೋಟಾರು ಇಟ್ಟುಕೊಳ್ಳುವುದು ಸಭೆಯ ನಿಯಮಕ್ಕೆ ವಿರುದ್ಧ, ಮಾರು ಎಂದಿರಿ, ಮಾರಲಿಲ್ಲ. ಅಷ್ಟಕ್ಕೆ ಬಹಿಷ್ಕಾರ. ನೀವು ಉಣ್ಣುವ ಮೇಜಿನಲ್ಲಿ ನಾನು ಕೂರುವಂತಿಲ್ಲ. ನನ್ನ ಕೈಯಿಂದ ನೀವು ಒಂದು ಲೋಟ ನೀರನ್ನೂ ತೆಗೆದುಕೊಳ್ಳುವಂತಿಲ್ಲ. ಅವತ್ತು ಸಭೆಯಲ್ಲಿ ನನ್ನನ್ನು ಹೊರಹಾಕಲು ಒಪ್ಪಿಗೆಯೇ ಎಂದು ಒಬ್ಬೊಬ್ಬರನ್ನೇ ಕೇಳಿದರಲ್ಲ, ನಾನು ಕೊಟ್ಟಿಗೆಯ ಹತ್ತಿರ ನಿಂತಿದ್ದೆ, ಕಿಟಕಿ ತೆರೆದಿತ್ತು. ಬೋಧಕರೆಂದು ನಿಮ್ಮನ್ನೇ ಮೊದಲು ಕೇಳಿದರು. "ನನ್ನ ಒಪ್ಪಿಗೆ ಇದೆ" ಅಂದಿರಿ. ಧ್ವನಿ ಸ್ವಲ್ಪವೂ ಅಲುಗಲಿಲ್ಲ.

ಈಗ ಮಗ ಬೇಡ, ಅವನ ಕಿವಿ ಬೇಕು. ಅದೂ ಮನೆಗೆ ಬರಕೂಡದು, ಹಿತ್ತಲ ದಾರಿಯಿಂದ ಆಸ್ಪತ್ರೆಗೆ ಹೋಗಬೇಕು. ಶಾಲೆಯಲ್ಲಿ ಹುಡುಗರು ನನ್ನನ್ನು 'ಎರಡು ಹಿಡಿ ಪಾತ್ರೆ' ಎಂದು ಕರೆಯುತ್ತಿದ್ದರು, ನೆನಪಿದೆಯೇ? ಒಂದು ಹಿಡಿ ಮುರಿದುಕೊಂಡು ಕೊಡುವಷ್ಟು ಒಳ್ಳೆಯವನಲ್ಲ ನಾನು.

ಆಗುವುದಿಲ್ಲ ಅಪ್ಪ.

ಆಟ್ಲೀ

*

ಹೋಮ್ಸ್ ಕೌಂಟಿ
9 ನವೆಂಬರ್ 1996

ನನ್ನ ಆಟ್ಲೀ,

ನಿನ್ನ ಕಾಗದವನ್ನು ಅಪ್ಪ ಓದಿ, ಮಡಿಸಿ, ಒಲೆಗೆ ಹಾಕದೆ ಬೈಬಲಿನಲ್ಲಿ ಇಟ್ಟುಕೊಂಡರು. ನನಗೆ ಹೇಳಲಿಲ್ಲ. ನಾನೇ ಕದ್ದು ಓದಿದೆ. ಬೈದದ್ದು ಸರಿಯಾಗಿದೆ, ನಾನೇನೂ ಅನ್ನುವುದಿಲ್ಲ.

ಆದರೆ ಮನುಷ್ಯನ ಅವಸ್ಥೆ ನೋಡಿದ್ದರೆ ನೀನು ಹಾಗೆ ಬರೆಯುತ್ತಿರಲಿಲ್ಲ. ಟೋಪಿ ಒಂದು ಕಡೆಗೆ ಜಾರಿ ಕಣ್ಣಿನ ಮೇಲೆ ಬೀಳುತ್ತದೆ. ಕನ್ನಡಕ ನಿಲ್ಲುವುದಿಲ್ಲ. ಅದಕ್ಕೆ ತೊಗಲಿನ ದಾರ ಕಟ್ಟಿ ತಲೆಗೆ ಬಿಗಿದುಕೊಂಡು ಕುದುರೆ ಸಜ್ಜು ಹೊಲಿಯುತ್ತಾರೆ. ಎಡ್ನಾಳ ಮೂರನೆಯದು ಅವರ ತೊಡೆ ಮೇಲೆ ಕೂರುತ್ತಿತ್ತು. ಈಗ ಅವರು ಕೈ ಚಾಚಿದರೆ ಕಿರುಚುತ್ತದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಹೊರಗೆ ಹೋಗಿ ಸುಮ್ಮನೆ ಕಟ್ಟಿಗೆ ಒಡೆಯುತ್ತಾರೆ. ಒಡೆದ ಕಟ್ಟಿಗೆ ಎರಡು ಚಳಿಗಾಲಕ್ಕಾಗುವಷ್ಟಿದೆ.

ಬಿಷಪ್ ಯೋನಾಸ್ ಬಂದಿದ್ದರು. ಕಾಫಿ ಕುಡಿದು, ಪೈ ಎರಡು ತುಂಡು ತಿಂದು, ಆಮೇಲೆ ಮಾತು ತೆಗೆದರು.

"ರೋಮನ್, ಈ ಕಿವಿ ಉಪಯೋಗಕ್ಕೋ, ಚೆಂದಕ್ಕೋ?"

"ಕನ್ನಡಕ ಇಡೋಕೆ."

"ಕನ್ನಡಕ ಇಡೋಕೆ ಒಂದು ಮೊಳೆ ಸಾಕಲ್ಲಪ್ಪಾ."

"ಹಂಗಾದ್ರೆ ನೀವೇ ಬಂದು ಹೊಡೀರಿ" ಅಂದರು ನಿನ್ನ ಅಪ್ಪ. ಯೋನಾಸ್ ನಕ್ಕುಬಿಟ್ಟರು. ಉಪಯೋಗಕ್ಕಾದರೆ ಅಡ್ಡಿಯಿಲ್ಲ ಎಂದು ಹೇಳಿ ಹೋದರು.

ಡಾಕ್ಟರು ಪುಸ್ತಕದ ಕಿವಿ ನೋಡಿಯಾದರೂ ಮಾಡುತ್ತೇನೆ ಅಂದಿದ್ದರು. "ಕಂಡವರ ಕಿವಿ ಇಟ್ಕೊಂಡು ನಾನ್ಯಾಕೆ ಓಡಾಡ್ಲಿ" ಅಂದವರು ಅಪ್ಪನೇ. ಅದರ ಅರ್ಥ ಏನೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ಬಾಯಿಂದ ಇದಕ್ಕಿಂತ ಹೆಚ್ಚು ಹೊರಡುವುದಿಲ್ಲ ಮಗನೇ. ಅವರೊಡನೆ ಬಾಳಿ ನನಗೆ ಗೊತ್ತು.

ಅಮ್ಮ

*

ಟೊಲೀಡೊ
4 ಡಿಸೆಂಬರ್ 1996

ಅಮ್ಮ,

ಇದರ ಜೊತೆ ಗಟ್ಟಿ ರಟ್ಟಿನ ನಡುವೆ ಒಂದು ಹಾಳೆ ಇದೆ. ಮಡಿಸಬೇಡ.

ಹೋಗುವುದಿಲ್ಲ ಎಂದೇ ಇದ್ದೆ. ಹೆಂಡತಿ ಮರ್ಲಾ "ನಿಮ್ಮಪ್ಪಂಗೆ ಬೇಡ ಅನ್ನು, ಆದ್ರೆ ದಿನಾ ನನ್ ಮುಂದೆ ಹಲ್ಲು ಕಡೀಬೇಡ" ಅಂದಳು. ಹೋದೆ. ನರ್ಸು ಹಾಳೆ ಒತ್ತಿ ಹಿಡಿದು ಕಪ್ಪು ಪೆನ್ನಿನಿಂದ ಒಂದೊಂದು ಮಡಿಕೆಯನ್ನೂ ಬರೆದಳು. ನಮ್ಮ ಟೆಸ್ ಕೂಡ ಬಂದಿದ್ದಳು. ಆರು ವರ್ಷದ ನಿನ್ನ ಆ ಮೊಮ್ಮಗಳಿಗೂ ಇದೇ ಕಿವಿ. ಕೂದಲಿಂದ ಮುಚ್ಚಿಕೊಳ್ಳುತ್ತಾಳೆ.

"ತಾತಂಗೆ ಯಾಕಪ್ಪಾ ನಿನ್ ಕಿವಿ?"

"ತಾತನ ಕಿವಿ ಕಳೆದೋಯ್ತು ಪುಟ್ಟಾ."

"ತಾತ ಬಂದು ತಗೊಂಡ್ಹೋಗ್ಬೋದಲ್ಲ!"

ನರ್ಸು ನಕ್ಕಳು. ನನಗೆ ಆಗಲಿಲ್ಲ.

ಹಾಳೆಯನ್ನು ಡಾಕ್ಟರಿಗಲ್ಲ, ಬೇಕೆಂದೇ ಮನೆಗೆ ಕಳಿಸಿದ್ದೇನೆ. ನಾನು ಬರುವಂತಿಲ್ಲದ ಮನೆಗೆ ಅದಾದರೂ ಬರಲಿ. ಅಂಚೆಯವನ ಕೈಗೆ ಬಹಿಷ್ಕಾರ ಇಲ್ಲವಷ್ಟೆ.

ಆಟ್ಲೀ

*

ಹೋಮ್ಸ್ ಕೌಂಟಿ
14 ಡಿಸೆಂಬರ್ 1996

ಆಟ್ಲೀ,

ಹಿಮ ಬಿದ್ದಿದೆ. ಹಂದಿ ಕಡಿದಾಯಿತು.

ಹಾಳೆ ಮನೆಗೆ ಬಂತು. ಹಾಗೆ ಕಳಿಸಬೇಡವೆಂದಿದ್ದೆ. ನಿನ್ನ ಅಮ್ಮ ಅದನ್ನು ಮೇಜಿನ ಮೇಲಿಟ್ಟಳು. ನಾನು ಮೇಜಿನ ಮೇಲಿಂದ ತೆಗೆದುಕೊಂಡೆ.

ಡಾಕ್ಟರು ಬೆಳಕಿಗೆ ಹಿಡಿದು ನೋಡಿ, ಚೆನ್ನಾಗಿದೆ ಎಂದರು. ಕ್ಯಾನ್ಸರ್ ಮರಳಿಲ್ಲವೆಂದು ಖಾತ್ರಿಯಾಗಲು ಒಂದು ವರ್ಷ ಕಾಯಬೇಕಂತೆ. ಅಲ್ಲಿಯವರೆಗೆ ಹಾಳೆ ನನ್ನ ಬಳಿ ಇರುತ್ತದೆ.

ಕಳಿಸಿದ್ದಕ್ಕೆ ನಿನಗೆ ವಂದನೆ.

ರೋಮನ್ ಶ್ಲಾಬಾಕ್

*

ಹೋಮ್ಸ್ ಕೌಂಟಿ
18 ಜನವರಿ 1998

ನನ್ನ ಆಟ್ಲೀ,

ಇಷ್ಟು ದಿನ ಬರೆಯಲಿಲ್ಲ. ಮೊದಲೇ ಹೇಳಿ ಕೆಡಿಸಬಾರದೆಂದು ಕಾದೆ. ಈಗ ಬರೆಯಬಹುದು ಅನ್ನಿಸುತ್ತದೆ.

ಅಕ್ಟೋಬರಿನಲ್ಲಿ ಕಿವಿ ಕಟ್ಟಿದರು. ಪಕ್ಕೆಯಿಂದ ಮೆದುಮೂಳೆ ತೆಗೆದರು. ಕಿವಿಗಿಂತ ಪಕ್ಕೆಯ ನೋವೇ ಹೆಚ್ಚು ಕಾಡಿತು. ಡಾಕ್ಟರು ನಿನ್ನ ಹಾಳೆಯನ್ನು ಎದುರಿಗಿಟ್ಟುಕೊಂಡು ಕೆತ್ತಿದರಂತೆ. ತಲೆಯ ಪಕ್ಕದ ತೆಳುಪೊರೆಯನ್ನು ಮಗುಚಿ ಹೊದಿಸಿ, ತೊಡೆಯ ಚರ್ಮ ತಂದು ಮೇಲೆ ಅಂಟಿಸಿದರು. ಮೊದಲು ಊದಿಕೊಂಡು ಸುಟ್ಟ ಬದನೆಕಾಯಿಯ ಹಾಗಿತ್ತು. ನನಗೆ ಅಳು ಬಂತು. ಕ್ರಿಸ್‌ಮಸ್ ಹೊತ್ತಿಗೆ ಊತ ಇಳಿಯಿತು. ಒಂದು ದಿನ ಒಲೆಯ ಹತ್ತಿರ ಪಕ್ಕಕ್ಕೆ ತಿರುಗಿ ಕೂತಿದ್ದಾಗ ನೋಡಿದೆ. ನೀನೇ ಕೂತ ಹಾಗಿತ್ತು. ಕೈಯಲ್ಲಿದ್ದ ಬಟ್ಟಲು ಜಾರಿ ಬಿತ್ತು.

ಹೋದ ಭಾನುವಾರ ಪಟ್ಟಿ ಬಿಚ್ಚಿಕೊಂಡು ಸಭೆಗೆ ಬಂದರು. ಪ್ರಾರ್ಥನೆ ಮುಗಿದು ಬೆಂಚುಗಳನ್ನು ಮೇಜು ಮಾಡಿ ಊಟಕ್ಕಿಡುತ್ತಿದ್ದೆವು. ಮುದುಕಿ ಮ್ಯಾಟಿ, ಅವಳಿಗೆ ಈಗ ಅರಳುಮರಳು, ಕೋಲೂರಿಕೊಂಡು ಬಂದು ಅಪ್ಪನ ಮುಖಕ್ಕೆ ಮುಖ ಇಟ್ಟು ನೋಡಿದಳು.

"ಅಯ್ಯೋ, ಇದು ಆಟ್ಲೀ ಕಿವಿ ಅಲ್ವಾ! ಹುಡುಗ ಬಂದ್ನಾ? ಎಲ್ಲಿ ಅವ್ನು?"

ಇಷ್ಟು ವರ್ಷದಲ್ಲಿ ಆ ಜನರ ನಡುವೆ ನಿನ್ನ ಹೆಸರನ್ನು ಯಾರೂ ಎತ್ತಿರಲಿಲ್ಲ. ಅಪ್ಪ ಮ್ಯಾಟಿಯನ್ನು ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದರು. ಮನೆಗೆ ಬಂದು ಕ್ಷೌರದ ಕನ್ನಡಿಯ ಮುಂದೆ ತುಂಬ ಹೊತ್ತು ನಿಂತರು. ಕನ್ನಡಿ ನೋಡಿ ನಿಂತವರಲ್ಲ ಅವರು.

ಎಡ್ನಾಳ ಮಗು ಮತ್ತೆ ತೊಡೆ ಹತ್ತುತ್ತದೆ. ಆ ಕಿವಿಯನ್ನೇ ಹಿಡಿದು ಎಳೆಯುತ್ತದೆ.

ಅಮ್ಮ

*

ಟೊಲೀಡೊ
2 ಫೆಬ್ರವರಿ 1998

ಅಪ್ಪ,

ಅಮ್ಮ ಎಲ್ಲ ಬರೆದಳು. ಓದಿ ಸಂತೋಷವಾಯಿತು. ಬೇಡವೆಂದರೂ ಆಯಿತು.

ಈಸ್ಟರಿಗೆ ಒಂದು ದಿನ ಬರಲೇ? ಲಾರಿಯನ್ನು ಹೆದ್ದಾರಿಯ ಹತ್ತಿರವೇ ನಿಲ್ಲಿಸಿ ನಡೆದು ಬರುತ್ತೇನೆ. ಟೆಸ್ ನಿಮ್ಮನ್ನು ನೋಡಬೇಕಂತೆ. ಒಂದು ಹೊತ್ತು ಎಲ್ಲರೂ ಒಟ್ಟಿಗೆ ಕೂತು ಉಂಡು ಹೊರಟುಬಿಡುತ್ತೇವೆ. ಬೇರೇನೂ ಕೇಳುವುದಿಲ್ಲ.

ಆಟ್ಲೀ

*

ಹೋಮ್ಸ್ ಕೌಂಟಿ
16 ಫೆಬ್ರವರಿ 1998

ಆಟ್ಲೀ,

ಮೇಪಲ್ ಮರಗಳಲ್ಲಿ ರಸ ಇಳಿಯಲು ಶುರುವಾಗಿದೆ.

ನೀನು ಬರಬಹುದು. ಮಗುವಿಗೆ ದೀಕ್ಷೆಯಾಗಿಲ್ಲ, ಅದು ನಮ್ಮೊಡನೆ ಕೂತು ಉಣ್ಣಬಹುದು. ನಿನ್ನ ಹೆಂಡತಿಯೂ ಹೊರಗಿನವಳು, ಅವಳಿಗೂ ಅಡ್ಡಿಯಿಲ್ಲ. ನಿನಗೆ ಪಕ್ಕದಲ್ಲಿ ಬೇರೆ ಮೇಜು ಹಾಕಿಸುತ್ತೇನೆ. ಇದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ. ನಾನು ಬೋಧಕ. ನನ್ನ ಮನೆಯಲ್ಲಿ ನಿಯಮ ಮುರಿದರೆ ಇನ್ನೊಬ್ಬರ ಮನೆಯಲ್ಲಿ ಯಾವ ಬಾಯಿಂದ ಮಾತಾಡಲಿ?

ನೀನು ಸಭೆಯ ಮುಂದೆ ಮೊಣಕಾಲೂರಿ ತಪ್ಪೊಪ್ಪಿಕೊಂಡರೆ ಎಲ್ಲವೂ ಒಂದೇ ಗಳಿಗೆಯಲ್ಲಿ ಮುಗಿಯುತ್ತದೆ. ಬಾಗಿಲು ನಮ್ಮ ಕಡೆಯಿಂದ ಮುಚ್ಚಿಲ್ಲ.

ರೋಮನ್ ಶ್ಲಾಬಾಕ್

*

ಟೊಲೀಡೊ
24 ಫೆಬ್ರವರಿ 1998

ಅಪ್ಪ,

ನನ್ನ ಮಗಳು ನಿಮ್ಮ ಪಕ್ಕ ಕೂತು ಉಣ್ಣುತ್ತಾ, ಅವಳ ಅಪ್ಪ ಯಾಕೆ ಮೂಲೆಯಲ್ಲಿ ಎಂದು ಕೇಳಿದರೆ ನೀವೇ ಉತ್ತರ ಕೊಡುತ್ತೀರಾ? ನನ್ನ ಕಿವಿ ನಿಮ್ಮ ತಲೆಯ ಮೇಲೆ ಕೂತು ನಿಮ್ಮ ಮೇಜಿಗೇ ಬರುತ್ತದೆ. ಸಭೆಗೂ ಬರುತ್ತದೆ, ಬೆಂಚಿನಲ್ಲಿ ಮೊದಲ ಸಾಲಿಗೆ. ನನಗೆ ಮಾತ್ರ ಮೂಲೆ.

ನಾವು ಬರುವುದಿಲ್ಲ.

ಆಟ್ಲೀ

*

ಹೋಮ್ಸ್ ಕೌಂಟಿ
30 ಜುಲೈ 1998

ಆಟ್ಲೀ, ಮಗನೇ,

ಬೇಗ ಬರೆಯುತ್ತಿದ್ದೇನೆ, ಅಂಚೆಯವನು ಬರುವ ಹೊತ್ತು.

ಮೇ ತಿಂಗಳಿಂದ ಹೊಸ ಕಿವಿಯ ಹಿಂದೆ ನೋಯುತ್ತಿತ್ತಂತೆ. ನನಗೆ ಹೇಳಲಿಲ್ಲ. ದಿಂಬಿನ ಮೇಲೆ ರಕ್ತ ನೋಡಿ ನಾನೇ ಎಳೆದುಕೊಂಡು ಹೋದೆ. ಮತ್ತೆ ಬಂದಿದೆ ಮಗನೇ. ಕಿವಿಯ ಅಡಿಯಲ್ಲೇ ಬಂದಿದೆ. ಒಂದು ವರ್ಷ ಕಾದದ್ದೂ ಸಾಲಲಿಲ್ಲ. ಮೇಲೆ ಹೊದಿಸಿದ್ದರಿಂದ ಕಣ್ಣಿಗೆ ಬೀಳಲಿಲ್ಲ. ಇನ್ನೂ ಕತ್ತಿನ ಗಂಟುಗಳಿಗೆ ಇಳಿದಿಲ್ಲ ಅಂದರು.

ಡಾಕ್ಟರ್ ಕೆಸ್ಲರ್ ಎದುರಿಗೆ ಕೂತು ನಿಧಾನವಾಗಿ ಹೇಳಿದರು. "ರೋಮನ್, ಈ ಕಿವಿಯನ್ನ ಪೂರ್ತಿ ತೆಗೀಬೇಕು. ಅದರ ಕೆಳಗಿರೋದನ್ನ ಮೂಳೆವರೆಗೂ ತೆಗೀಬೇಕು. ಈಗ್ಲೇ ಆದ್ರೆ ಅರ್ಧಕ್ಕರ್ಧ ಆಸೆ ಇದೆ. ಚಳಿಗಾಲ ಬಂದ್ರೆ ಇಲ್ಲ."

"ಕಿವಿ ಬಿಟ್ಟು ಅಡಿಯಿಂದ ತೆಗೀರಿ."

"ಆಗಲ್ಲ."

"ಹಂಗಾದ್ರೆ ಬೇಡ."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅವರಿಗೇನು ಹೇಳಲಿ? ಗಾಡಿ ಮಾಡಿಕೊಂಡು ಬರುವಾಗ ದಾರಿಯುದ್ದಕ್ಕೂ ಬೇಡಿಕೊಂಡೆ. ಹೊರಗೆ ಹೊಲ ನೋಡುತ್ತಾ "ಓಟ್ಸ್ ಚೆನ್ನಾಗಿ ಬಂದಿದೆ" ಅಂದರು. ನಿನ್ನ ಅಣ್ಣ ಬಂದು ಹೇಳಿ ಸೋತ. ಯೋನಾಸ್ ಬಂದು, "ಉಪಯೋಗಕ್ಕೆ ಅಂತ ತಾನೇ ಕಟ್ಟಿಸ್ಕೊಂಡಿದ್ದು, ಉಪಯೋಗ ಮುಗೀತು, ತೆಗೆಸಪ್ಪಾ" ಅಂದರು. ಅಪ್ಪ ಟೋಪಿ ಹಾಕಿಕೊಂಡು ಕೊಟ್ಟಿಗೆಗೆ ಹೋದರು.

ನೀನು ಬರಿ. ನೀನು ಹೇಳಿದರೆ ಕೇಳಿಯಾರು.

ಅಮ್ಮ

*

ಟೊಲೀಡೊ
3 ಆಗಸ್ಟ್ 1998

ಅಪ್ಪ,

ತೆಗೆಸಿಬಿಡಿ. ದಮ್ಮಯ್ಯ ಅನ್ನುತ್ತೇನೆ, ತೆಗೆಸಿಬಿಡಿ.

ಅದು ನಾನಲ್ಲ ಅಪ್ಪ. ನಿಮ್ಮ ಪಕ್ಕೆಯ ಮೂಳೆ, ನಿಮ್ಮ ತೊಡೆಯ ಚರ್ಮ. ನನ್ನದೆಂದರೆ ಒಂದು ಗೆರೆ ಮಾತ್ರ. ಬೇಕಾದರೆ ಇನ್ನೊಂದು ಹಾಳೆ ಬರೆಸಿ ಕಳಿಸುತ್ತೇನೆ. ಹತ್ತು ಕಳಿಸುತ್ತೇನೆ, ಗೋಡೆಗೆ ಹಚ್ಚಿಕೊಳ್ಳಿ.

ಕಳೆದ ಸಲ ಸಿಟ್ಟಿನಲ್ಲಿ ಬರೆದೆ. ಈಗ ಸಿಟ್ಟಿಲ್ಲ, ಹೆದರಿಕೆ ಇದೆ. ನೀವು ಆಸ್ಪತ್ರೆಗೆ ಹೋಗುತ್ತೇನೆ ಎಂದು ಒಂದು ಸಾಲು ಬರೆದರೆ ಸಾಕು, ಮುಂದಿನ ಭಾನುವಾರವೇ ಬರುತ್ತೇನೆ. ಲಾರಿ ಮಾರುತ್ತೇನೆ. ಎಲ್ಲರೆದುರು ಮೊಣಕಾಲೂರುತ್ತೇನೆ. ಏನು ಹೇಳಿಸುತ್ತೀರೋ ಹೇಳುತ್ತೇನೆ. ಮರ್ಲಾಗೂ ಹೇಳಿದ್ದೇನೆ, ಅವಳು ಅತ್ತಳು, ಆದರೆ ಹೂಂ ಅಂದಳು.

ಮೂಲೆಯ ಮೇಜಿನಲ್ಲೂ ಕೂರುತ್ತೇನೆ. ನೀವು ಬದುಕಿರಿ.

ನಿಮ್ಮ ಮಗ
ಆಟ್ಲೀ

*

ಹೋಮ್ಸ್ ಕೌಂಟಿ
17 ಆಗಸ್ಟ್ 1998

ಆಟ್ಲೀ,

ಓಟ್ಸ್ ಒಕ್ಕಣೆ ಮುಗಿಯಿತು. ಒಳ್ಳೆಯ ಬೆಳೆ.

ನಿನ್ನ ಕಾಗದ ಓದಿದೆ. ಒಂದು ಕಿವಿಯನ್ನು ತೆಗೆಸಲಿಕ್ಕಾಗಿ ಊರಿದ ಮೊಣಕಾಲು ದೇವರ ಮುಂದೆ ಊರಿದ್ದಾಗುವುದಿಲ್ಲ. ಅದು ಸುಳ್ಳು ಎಂದು ತಿಳಿದೂ ನಾನು ಸಭೆಯ ಮುಂದೆ ನಿನ್ನ ಕೈ ಹಿಡಿದು ಎಬ್ಬಿಸಲಾರೆ. ನಿನ್ನ ಆತ್ಮದ ಮೇಲೆ ಆ ಭಾರ ಹಾಕಲಾರೆ. ಬರಬೇಡ.

ಕಿವಿಯ ವಿಷಯ. ಅದು ಮೂಳೆ ಮತ್ತು ಚರ್ಮ ಎಂದು ನನಗೂ ಗೊತ್ತು. ಡಾಕ್ಟರು ಕೇಳಿದಾಗ ನನ್ನ ಬಾಯಿಗೆ ಮಾತು ಬಂದಿತ್ತು. 'ನನ್ನ ಒಪ್ಪಿಗೆ ಇದೆ' ಎಂಬ ಅದೇ ಮಾತು. ಹೇಳಲಾಗಲಿಲ್ಲ. ಅದನ್ನು ಒಂದು ಸಲ ಹೇಳಿದ್ದೇನೆ. ಹೇಳಿದ್ದು ಸರಿಯೇ, ಇವತ್ತು ಕೇಳಿದರೂ ಹೇಳುತ್ತೇನೆ, ನಿಯಮ ನಿಯಮವೇ. ಆದರೆ ನಿನ್ನನ್ನು ಎರಡನೆಯ ಸಲ ಕಡಿದು ಹಾಕುವ ಶಕ್ತಿ ನನಗಿಲ್ಲ.

ಇದು ತಿಳಿಗೇಡಿತನ ಎಂದು ನಿನ್ನ ಅಮ್ಮ ಹೇಳುತ್ತಾಳೆ. ಇರಬಹುದು.

ಮಗುವಿನ ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಲು ಹೇಳು. ಮುಚ್ಚಿಕೊಳ್ಳುವಂಥದ್ದೇನಿಲ್ಲ. ಆದರೆ ಬಿಸಿಲಿಗೆ ಹೋಗುವಾಗ ಅಗಲ ಅಂಚಿನ ಟೋಪಿ ಹಾಕಿಸಿ.

ಅಪ್ಪ

*

ಹೋಮ್ಸ್ ಕೌಂಟಿ
1 ಡಿಸೆಂಬರ್ 1998, ಮಂಗಳವಾರ

ಆಟ್ಲೀ,

ನಮ್ಮವರಿಗೆ ಬಾಡಿಗೆಗೆ ಮೋಟಾರು ಗಾಡಿ ಓಡಿಸುವ ಹೊರಗಿನವನು ಗ್ಲೆನ್ ಈ ಕಡೆಯಿಂದ ಟೊಲೀಡೊಗೆ ಹೋಗುತ್ತಿದ್ದಾನೆ. ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಅವನು ಬಾಗಿಲಲ್ಲಿ ನಿಂತಾಗಲೇ ನಿನಗೆ ಗೊತ್ತಾಗಿರುತ್ತದೆ.

ಅಪ್ಪ ನಿನ್ನೆ ಬೆಳಗ್ಗೆ ಹೋದರು. ಕೊನೆಯ ವಾರ ನುಂಗಲು ಆಗುತ್ತಿರಲಿಲ್ಲ. ನಾನು ಚಮಚದಲ್ಲಿ ನೀರು ಹನಿಸುತ್ತಿದ್ದೆ. ಎಡಗಡೆ ಮುಖವೆಲ್ಲ ಊದಿ ಕಣ್ಣು ಮುಚ್ಚಿಹೋಗಿತ್ತು. ಕಿವಿ ಮಾತ್ರ ಹಾಗೇ ಇತ್ತು, ಏನೂ ಆಗದ ಹಾಗೆ. ಅದರ ಮೇಲೆ ಕೈ ಇಟ್ಟುಕೊಂಡೇ ಮಲಗುತ್ತಿದ್ದರು. ಪಟ್ಟಿ ಬದಲಿಸಲು ಕೈ ತೆಗೆದರೆ ಮತ್ತೆ ತಡಕಿಕೊಂಡು ಅಲ್ಲೇ ಇಡುತ್ತಿದ್ದರು.

ಎಲ್ಲರೂ ಬಂದು 'ಎಂಥ ತಾಳ್ಮೆ, ಎಂಥ ಸಾವು' ಎಂದು ಹೊಗಳುತ್ತಿದ್ದಾರೆ. ನನಗೆ ಕೇಳಿ ಕೇಳಿ ಸಾಕಾಗಿದೆ. ನಾನು ಯಾರ ಮುಂದೆಯೂ ಆಡದ ಮಾತು ನಿನಗೆ ಬರೆಯುತ್ತೇನೆ. ನನಗೆ ಅವರ ಮೇಲೆ ಸಿಟ್ಟಿದೆ. ಹೆಣ ಒಳಗಿನ ಕೋಣೆಯಲ್ಲಿದೆ, ನಾನಿಲ್ಲಿ ಕೂತು ಅವರನ್ನು ಬೈಯುತ್ತಿದ್ದೇನೆ. ನಿನ್ನ ಕಿವಿಗಾಗಿ ಪ್ರಾಣ ಕೊಟ್ಟರು, ನಿನಗೆ ಒಂದು ತಟ್ಟೆ ಹಾಕಿಸಲಿಲ್ಲ. ಆ ಕಿವಿ ತೆಗೆಸಿ, ನಿನ್ನನ್ನು ಕರೆಸಿ, ಒಂದು ಸಲ ಒಟ್ಟಿಗೆ ಉಂಡಿದ್ದರೆ ಸಾಕಿತ್ತು. ಪ್ರೀತಿ ಇರಲಿಲ್ಲ ಎಂದು ನೀನು ತಿಳಿಯಬೇಡ. ಇತ್ತು. ಇದ್ದೂ ಯಾರಿಗೂ ಉಪಯೋಗಕ್ಕೆ ಬರಲಿಲ್ಲ.

ಗುರುವಾರ ಒಂಬತ್ತು ಗಂಟೆಗೆ ಮಣ್ಣು. ನೀನು ಬಾ. ಟೆಸ್‌ಳನ್ನೂ ಕರೆದುಕೊಂಡು ಬಾ. ಪೆಟ್ಟಿಗೆ ತೆರೆದಿಟ್ಟಿರುತ್ತಾರೆ, ಸಾಲಿನಲ್ಲಿ ನಿಂತು ನೋಡಬಹುದು, ಅದಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ.

ಮಣ್ಣಿನ ಮೇಲೆ ಊಟ ನಮ್ಮ ಮನೆಯಲ್ಲೇ. ನಿನಗೆ ಬೇರೆ ಮೇಜು. ಎಲ್ಲಿ ಹಾಕಬೇಕೆಂದು ಎಡ್ನಾಳ ಗಂಡನೂ ಯೋನಾಸರೂ ಬೆಳಗ್ಗೆ ಮಾತಾಡಿಕೊಳ್ಳುತ್ತಿದ್ದರು. ಒಲೆಯ ಹತ್ತಿರ ಹಾಕಿ, ಅವನಿಗೆ ಚಳಿಯಾಗಬಾರದು ಎಂದಷ್ಟೇ ನಾನು ಹೇಳಿದೆ.

ನನ್ನ ತಟ್ಟೆ ಎತ್ತಿಕೊಂಡು ಬಂದು ನಿನ್ನ ಜೊತೆ ಕೂರಬೇಕು ಎಂದು ಮನಸ್ಸಿನಲ್ಲಿದೆ. ಕೂತರೆ ಆಮೇಲೆ ನನ್ನನ್ನೂ ಸಭೆಯ ಮುಂದೆ ಕರೆಯುತ್ತಾರೆ. ಈ ವಯಸ್ಸಿನಲ್ಲಿ, ಮಗಳ ಮನೆಯಲ್ಲೇ ನನಗೆ ಬೇರೆ ಮೇಜಾಗುತ್ತದೆ. ಎದ್ದು ಬಂದೇ ಬರುತ್ತೇನೆ ಎಂದು ಮಾತು ಕೊಡಲು ಧೈರ್ಯ ಸಾಲದು ಮಗನೇ. ನೀನು ಹೋದಾಗಿನಿಂದ ಎಷ್ಟೋ ಸಲ ಹಾಗೆ ಅಂದುಕೊಂಡು ಸುಮ್ಮನಿದ್ದವಳು ನಾನು. ಈ ಸಲವೂ ಕಾಲು ಏಳದೇ ಹೋಗಬಹುದು.

ಆದರೂ ನಿನ್ನ ಮೇಜಿಗೆ ಇನ್ನೊಂದು ಕುರ್ಚಿ ಎಳೆದು ಇಟ್ಟುಕೊಂಡಿರು.

ಅಮ್ಮ